ಡ್ಯಾಶ್‌ಹೌಂಡ್ ಮಿಕ್ಸ್ ದತ್ತು ತೆಗೆದುಕೊಳ್ಳುವ ಯೋಚನೆ, ಮನೆಯಲ್ಲಿ ವಯಸ್ಸಾದ ಅತ್ತೆ ಮತ್ತು ಏಳು ವರ್ಷದ ಮಗಳು. ಸಲಹೆ ಬೇಕು

ಗೊಂಬೆಮನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿ ಅನುಭವ ಇರುವವರು ದಯವಿಟ್ಟು ಓದಿ ಹೇಳಿ, ಸ್ವಲ್ಪ ಉದ್ದ ಆಗಬಹುದು.

ಮೈಸೂರಿನಲ್ಲೇ ಪ್ರಾಣಿಗಳನ್ನು ಕಾಪಾಡುವ ಒಂದು ತಂಡದ ಹತ್ತಿರ ಒಂದು ಹೆಣ್ಣು ನಾಯಿ ಇದೆ. ಡ್ಯಾಶ್‌ಹೌಂಡ್ ಮಿಕ್ಸ್, ಅಂದರೆ ಡ್ಯಾಶ್‌ಹೌಂಡ್ ತಳಿ ಬೆರೆತದ್ದು ಅಂತಾರೆ. ಗಿಡ್ಡ ಕಾಲು, ಉದ್ದ ಮೈ, ಜೋತುಬಿದ್ದ ಕಿವಿ, ಕಪ್ಪು ಬಣ್ಣ, ಕಣ್ಣಿನ ಮೇಲೆ ಎರಡು ಕಂದು ಚುಕ್ಕೆ. ಹತ್ತು ತಿಂಗಳಿರಬಹುದಂತೆ, ತೂಕ ಆರು ಕಿಲೋ. ರಿಂಗ್ ರೋಡ್ ಪಕ್ಕ ಕತ್ತಿನಲ್ಲಿ ಬೆಲ್ಟ್ ಇದ್ದ ಹಾಗೇ ಓಡಾಡುತ್ತಿತ್ತಂತೆ, ಹುಡುಕಿಕೊಂಡು ಯಾರೂ ಬರಲಿಲ್ಲ. ಈಗ ತಂಡದವರೊಬ್ಬರ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಹೋದ ಭಾನುವಾರ ನಾವು ಹೋಗಿ ನೋಡಿದೆವು. ಮಗಳು ಅಲ್ಲೇ ನೆಲದ ಮೇಲೆ ಕೂತಳು, ಅದು ಬಂದು ಅವಳ ಚಪ್ಪಲಿ ಮೂಸಿ, ಪಕ್ಕದಲ್ಲೇ ಮಲಗಿತು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಈಗ ನಮ್ಮ ಮನೆ ವಿಷಯ. ಸ್ವಂತ ಫ್ಲಾಟ್, ಮೂರನೇ ಮಹಡಿ. ನಾನು ಶಾಲೆಯಲ್ಲಿ ಟೀಚರ್, ಬೆಳಗ್ಗೆ ಹೋದರೆ ಮಧ್ಯಾಹ್ನ ಮೂರೂವರೆಗೆ ಮನೆಯಲ್ಲಿರುತ್ತೇನೆ. ಯಜಮಾನರು ಹೆಬ್ಬಾಳು ಕಡೆ ಕಂಪನಿ ಕೆಲಸ, ಶಿಫ್ಟ್. ಹಗಲೆಲ್ಲ ಮನೆಯಲ್ಲಿ ಇರುವವರು ಅತ್ತೆ. ಅವರಿಗೆ ಮಂಡಿ ನೋವು, ನಾಯಿ ಅಂದರೆ ಭಯ ಇಲ್ಲ, ಆದರೆ ದೇವರಮನೆ, ಮಡಿ ಇದೆಲ್ಲ ಇದೆ. ನಾವು ಸಸ್ಯಾಹಾರಿಗಳು, ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸುವುದಿಲ್ಲ.

ತಂಡದವರು ನಾಲ್ಕು ಪುಟದ ಫಾರಂ ಕೊಟ್ಟಿದ್ದಾರೆ. ಸಂಬಳ ಒಂದು ಬಿಟ್ಟು ಎಲ್ಲ ಕೇಳಿದ್ದಾರೆ. ಮನೆಗೆ ಬಂದು ನೋಡುತ್ತಾರಂತೆ, ಸಂತಾನಹರಣ ಆಪರೇಷನ್ ಮಾಡಿಸಿಯೇ ಕೊಡುತ್ತಾರಂತೆ, ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡದೆ ಅವರಿಗೇ ವಾಪಸ್ ಕೊಡುತ್ತೇವೆ ಅಂತ ಬರೆದುಕೊಡಬೇಕಂತೆ. ಯಜಮಾನರಿಗೆ ಇದು ಸರಿ ಕಾಣುತ್ತಿಲ್ಲ. "ದುಡ್ಡು ಕೊಟ್ಟು ಮರಿ ತಂದರೆ ಒಬ್ಬರೂ ಇಷ್ಟು ಪ್ರಶ್ನೆ ಕೇಳಲ್ಲ" ಅಂತಾರೆ. ಅತ್ತೆ ಹೇಳುವುದು ಬೇರೆ, ಹೆಣ್ಣು ಜೀವ, ಒಂದು ಸಲ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸಿ ಅಂತ.

ಇನ್ನೊಂದು ತೊಡಕು. ಲಿಫ್ಟ್‌ನಲ್ಲಿ ನಾಯಿ ತರುವ ಹಾಗಿಲ್ಲ ಅಂತ ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಬೋರ್ಡ್ ಹಾಕಿದ್ದಾರೆ. ಪುಟ್ಟ ನಾಯಿ ತಾನೇ, ಮೆಟ್ಟಿಲಲ್ಲೇ ಹತ್ತಿ ಇಳಿಯಲಿ ಅಂತ ನಾನು ಅಂದುಕೊಂಡಿದ್ದೇನೆ.

ನನಗೆ ತುಂಬಾ ಆಸೆ ಇದೆ. ಆದರೆ ತಂದು ಆಮೇಲೆ ವಾಪಸ್ ಬಿಡುವುದು ಅಂದರೆ ನನ್ನ ಕೈಲಿ ಆಗಲ್ಲ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ. ನಮ್ಮಂಥ ಮನೆಗೆ ಈ ನಾಯಿ ಸರಿಹೋಗುತ್ತಾ?

ಸಕ್ಕರೆನಾಡು (ಮಂಡ್ಯ)

ಮೇಡಂ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾಯಿ ಬೇಕು ಅಂತಿದ್ದರೆ ನಾಡುನಾಯಿ ಮರಿ ಯಾಕೆ ನೋಡಬಾರದು? ನಮ್ಮ ಬಿಸಿಲು, ಮಳೆ, ರಾಗಿ ಎಲ್ಲಕ್ಕೂ ಒಗ್ಗಿದ ಮೈ ಅದು. ಚರ್ಮದ ಕಾಯಿಲೆ ಕಮ್ಮಿ, ಬೆನ್ನು, ಉಸಿರು ಅಂತ ಹುಟ್ಟಿನಿಂದ ಬಂದ ತೊಂದರೆ ಕಮ್ಮಿ. ಮೈಸೂರು, ಮಂಡ್ಯದ ಯಾವ ತಂಡವನ್ನು ಕೇಳಿದರೂ ಎರಡು ತಿಂಗಳ ಮರಿಗಳು ಮನೆ ಸಿಗದೆ ಕೂತಿರುತ್ತವೆ, ಅದರಲ್ಲೂ ಹೆಣ್ಣು ಮರಿ ಅಂದರೆ ಯಾರಿಗೂ ಬೇಡ. ಜಾತಿ ನಾಯಿ ಅಂದರೆ ಮಾತ್ರ ಐವತ್ತು ಫೋನ್ ಬರುತ್ತೆ.

2003ರಲ್ಲಿ ಹಚ್ ಮೊಬೈಲ್ ಜಾಹೀರಾತು ಬಂದ ಮೇಲೆ ಊರೂರಲ್ಲಿ ಪಗ್ ತಂದರಲ್ಲ, ಆ ಪಗ್‌ಗಳ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ಚಪ್ಪಟೆ ಮೂಗು, ಉಸಿರಾಟದ ದಾರಿಯೇ ಇಕ್ಕಟ್ಟು. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರು ಬಿಟ್ಟೇ ಅಲ್ವಾ, ಉಸಿರೇ ಸರಿಯಾಗಿ ಆಡದಿದ್ದರೆ ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಅದು ಏನು ಮಾಡಬೇಕು? ಮಧ್ಯಾಹ್ನ ಮಹಡಿ ಮೇಲೆ ಕಟ್ಟಿಹಾಕಿದ ಪಗ್ ಸಂಜೆಯೊಳಗೆ ಸತ್ತಿದ್ದು ನಮ್ಮ ಬೀದಿಯಲ್ಲೇ ಆಗಿದೆ.

ನೀವು ನೋಡಿರುವುದು ಡ್ಯಾಶ್ ಮಿಕ್ಸ್, ಪಗ್ ಅಲ್ಲ. ಮೂಗು ಉದ್ದ ಇದೆ, ಬಿಸಿಲಿನ ತೊಂದರೆ ಅಷ್ಟಿಲ್ಲ, ಅದು ಸರಿ. ಆದರೂ ಬರೀ ಪುಟ್ಟದು, ಮುದ್ದಾಗಿದೆ ಅಂತ ಮನಸ್ಸು ಮಾಡಬೇಡಿ.

ಯಜಮಾನರ ಮಾತಿಗೆ ಒಂದು ಉತ್ತರ. ದುಡ್ಡು ತಗೊಂಡವನಿಗೆ ಪ್ರಶ್ನೆ ಕೇಳುವ ದರ್ದು ಇಲ್ಲ, ಅದಕ್ಕೇ ಕೇಳಲ್ಲ.

ಬೆಟ್ಟದತಪ್ಪಲು (ಮೈಸೂರು)

ನಾನು ಕೆಲವು ವರ್ಷಗಳಿಂದ ಒಂದು ತಂಡದ ಜೊತೆ ಕೆಲಸ ಮಾಡುತ್ತಿದ್ದೇನೆ, ಯಾವುದು ಅಂತ ಇಲ್ಲಿ ಬೇಡ. ನೀವು ಹೇಳುತ್ತಿರುವ ನಾಯಿ ನಮ್ಮದಲ್ಲ, ಆದರೆ ಆ ಫಾರಂ ಯಾಕೆ ಅಷ್ಟು ಉದ್ದ ಅಂತ ಹೇಳಬಲ್ಲೆ.

ಸಾಕಿದ ನಾಯಿಯನ್ನು ಬೀದಿಗೆ ಬಿಡುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇದೆ. ಮೊದಲ ಸಲದ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ಅರವತ್ತು ವರ್ಷದ ಹಿಂದೆ ಅದು ದುಡ್ಡೇ ಇರಬಹುದು, ಇವತ್ತು ಅದಕ್ಕೆ ಯಾರು ಹೆದರುತ್ತಾರೆ? ಹಾಗಾಗಿ ತಂಡದವರ ಕೈಯಲ್ಲಿ ಉಳಿದಿರುವುದು ಆ ಫಾರಂ, ಆ ಬರಹ, ಮನೆಗೆ ಬಂದು ನೋಡುವುದು ಇಷ್ಟೇ. ವರ್ಗ ಆಯಿತು, ಮಗು ಹುಟ್ಟಿತು, ಮನೆ ಓನರ್ ಒಪ್ಪಲಿಲ್ಲ ಅಂತ ನಾಯಿ ವಾಪಸ್ ಬರುತ್ತಲೇ ಇರುತ್ತವೆ. ಎರಡನೇ ಸಲ ಬಿಟ್ಟುಹೋದ ನಾಯಿ ಇದೆಯಲ್ಲ, ಅದು ಗೇಟಿನ ಸದ್ದಾದಾಗಲೆಲ್ಲ ಎದ್ದು ಹೋಗಿ ನಿಂತು ನೋಡುತ್ತೆ. ಅದನ್ನು ನೋಡಿದವರು ಫಾರಂಗೆ ಇನ್ನೊಂದು ಪುಟ ಸೇರಿಸುತ್ತಾರೆ ಹೊರತು ಕಮ್ಮಿ ಮಾಡಲ್ಲ.

ಆಪರೇಷನ್ ಮಾಡಿಸಿಯೇ ಕೊಡುತ್ತಾರೆ ಅಂದರೆ ಅದು ಒಳ್ಳೆಯ ತಂಡ ಅನ್ನುವುದಕ್ಕೆ ಗುರುತು. ಹೆಣ್ಣು ಡ್ಯಾಶ್ ಬಿಟ್ಟಿ ಸಿಗುತ್ತೆ ಅಂತ ಗೊತ್ತಾದರೆ ಮರಿ ಹಾಕಿಸಿ ಮಾರುವವರೇ ಮೊದಲು ಬರುತ್ತಾರೆ, ಜೊತೆಗೆ ಮಗುವನ್ನೂ ಕರೆದುಕೊಂಡು ಬಂದು ಸಂಸಾರಸ್ಥರ ಹಾಗೇ ಮಾತಾಡುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ. ಹೆಣ್ಣಿಗೆ ಒಂದೂವರೆ ವರ್ಷ ಆಗುವ ಮೊದಲು ಮರಿ ಹಾಕಿಸುವ ಹಾಗಿಲ್ಲ, ವರ್ಷಕ್ಕೆ ಒಂದೇ ಸಲ, ಇಡೀ ಆಯಸ್ಸಿನಲ್ಲಿ ಐದು ಸಲಕ್ಕಿಂತ ಜಾಸ್ತಿ ಇಲ್ಲ. ನಿಮ್ಮ ಯಜಮಾನರು ದುಡ್ಡು ಕೊಟ್ಟು ಮರಿ ತರುವ ಹಾಗಿದ್ದರೆ ಮಾರುವವನ ಹತ್ತಿರ ಆ ನೋಂದಣಿ ಕಾಗದ ತೋರಿಸಿ ಅನ್ನಲಿ, ತಾಯಿ ನಾಯಿಯನ್ನು ನೋಡಬೇಕು ಅನ್ನಲಿ. ಎಷ್ಟು ಜನ ಒಳಗೆ ಕರೆಯುತ್ತಾರೆ ನೋಡಿ.

ಅತ್ತೆಯವರ ಮಾತು ತುಂಬಾ ಮನೆಗಳಲ್ಲಿ ಕೇಳುತ್ತೇವೆ, ಅವರು ಕರುಣೆಯಿಂದಲೇ ಹೇಳುವುದು. ಅವರಿಗೆ ಹೀಗೆ ಹೇಳಿ. ಒಂದು ಸಲ ಮರಿ ಹಾಕಿದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು, ಬೆದೆ ಮುಗಿದು ಕೆಲವು ವಾರಕ್ಕೆ ಬರುತ್ತೆ, ತಡವಾದರೆ ಜೀವವೇ ಹೋಗುತ್ತೆ. ಮೊದಲ ಒಂದೆರಡು ಬೆದೆಯ ಒಳಗೆ ಆಪರೇಷನ್ ಆದರೆ ಮೊಲೆಗಡ್ಡೆ ಬರುವ ಸಂಭವವೂ ತುಂಬಾ ಕಡಿಮೆ ಆಗುತ್ತೆ. ಜೊತೆಗೆ ನಾಲ್ಕೈದು ಮರಿ ಹುಟ್ಟಿದರೆ ಅವಕ್ಕೆ ಮನೆ ಯಾರು ಹುಡುಕುವುದು?

ಈಗ ನೀವು ಕೇಳಿ ತಿಳಿದುಕೊಳ್ಳಬೇಕಾದ್ದು. ಹತ್ತು ತಿಂಗಳು ಅಂದರೆ ಅಂದಾಜು. ನಾಯಿಯ ತುಟಿ ಎತ್ತಿ ಹಲ್ಲು ತೋರಿಸಿ ಅನ್ನಿ. ಹಾಲುಹಲ್ಲು 28, ಆರೇಳು ತಿಂಗಳೊಳಗೆ ಅವು ಬಿದ್ದು 42 ದೊಡ್ಡ ಹಲ್ಲು ಬಂದಿರುತ್ತವೆ. ಬಿಳಿ ಇದ್ದು, ಮುಂದಿನ ಹಲ್ಲಿನ ತುದಿ ಸವೆದಿಲ್ಲ ಅಂದರೆ ಚಿಕ್ಕ ವಯಸ್ಸೇ. ಸಣ್ಣ ತಳಿಗಳಲ್ಲಿ ಒಮ್ಮೊಮ್ಮೆ ಕೋರೆಯ ಹಾಲುಹಲ್ಲು ಬೀಳದೆ ದೊಡ್ಡ ಹಲ್ಲಿನ ಪಕ್ಕದಲ್ಲೇ ಜೋಡಿಯಾಗಿ ಉಳಿದುಬಿಡುತ್ತೆ, ಸಂದಿಯಲ್ಲಿ ಕೂಳು ಸಿಕ್ಕಿ ಕೊಳೆಯುತ್ತೆ. ಹಾಗಿದ್ದರೆ ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗಲೇ ಅದನ್ನೂ ತೆಗೆಸಲು ಆಗುತ್ತಾ ಕೇಳಿ, ಮತ್ತೆ ಮತ್ತೆ ಅರಿವಳಿಕೆ ಕೊಡುವುದು ತಪ್ಪುತ್ತೆ.

ಲಸಿಕೆ ಕಾರ್ಡ್ ಕೈಗೆ ತೆಗೆದುಕೊಂಡು ನೋಡಿ. ಬರೀ ಪೆನ್ನಲ್ಲಿ ಬರೆದಿದ್ದರೆ ಸಾಲದು. ಲಸಿಕೆ ಸೀಸೆಯ ಮೇಲಿನ ಚೀಟಿ ಕಿತ್ತು ಅಂಟಿಸಿ, ತಾರೀಖು ಹಾಕಿ ಡಾಕ್ಟರ್ ಸಹಿ ಮಾಡಿರಬೇಕು. ಪಾರ್ವೊ, ಡಿಸ್ಟೆಂಪರ್ ಅನ್ನುವ ನಾಯಿ ಕಾಯಿಲೆಗಳ ಲಸಿಕೆ ಎಷ್ಟು ಸಲ ಆಗಿದೆ, ರೇಬಿಸ್ ಆಗಿದೆಯಾ, ಜಂತುಹುಳದ ಔಷಧಿ ಕೊನೆಗೆ ಯಾವಾಗ ಕೊಟ್ಟರು, ಇಷ್ಟು ಬೇಕು. ಆಮೇಲೆ ರೇಬಿಸ್ ಲಸಿಕೆ ತಪ್ಪಿಸಬೇಡಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಈಗ ಅದನ್ನು ಮನೆಯಲ್ಲಿ ಇಟ್ಟುಕೊಂಡಿರುವವರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ರಾತ್ರಿ ಎಲ್ಲಿ ಮಲಗುತ್ತೆ, ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತೆ, ತಟ್ಟೆ ಹತ್ತಿರ ಕೈ ಇಟ್ಟರೆ ಗುರ್ ಅನ್ನುತ್ತಾ, ಮಲಗಿದ್ದಾಗ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತಾ. ನಿಮ್ಮ ಮಗಳ ಪಕ್ಕ ಮಲಗಿತು ಅನ್ನುವುದು ಒಳ್ಳೆಯ ಲಕ್ಷಣ, ಆದರೆ ಒಂದು ಭೇಟಿ ಸಾಲದು. ಅತ್ತೆಯವರನ್ನೂ ಕರೆದುಕೊಂಡು ಇನ್ನೊಂದು ಸಲ ಹೋಗಿ. ಹಗಲೆಲ್ಲ ಅದರ ಜೊತೆ ಇರುವವರು ಅವರು, ಒಪ್ಪಿಗೆ ಮೊದಲು ಅವರದ್ದೇ ಬೇಕು.

ಸಂಘದ ಬೋರ್ಡ್ ವಿಷಯ. ಭಾರತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಂಘದವರು ನಾಯಿ ಸಾಕಬಾರದು ಅಂತ ನಿಯಮ ಮಾಡುವ ಹಾಗಿಲ್ಲ, ಲಿಫ್ಟ್ ಬಳಸಬಾರದು ಅಂತಲೂ ಹೇಳುವ ಹಾಗಿಲ್ಲ. ಅದರ ಪ್ರತಿ ಇಟ್ಟುಕೊಂಡು ಕಾರ್ಯದರ್ಶಿ ಹತ್ತಿರ ನಿಧಾನವಾಗಿ ಮಾತಾಡಿ. ಜಗಳ ಬೇಡ, ದಿನಾ ಮುಖ ನೋಡುವವರು. ಜನ ಜಾಸ್ತಿ ಇದ್ದಾಗ ಮುಂದಿನ ಲಿಫ್ಟ್‌ಗೆ ಕಾಯುತ್ತೇವೆ, ಗಲೀಜು ಮಾಡಿದರೆ ನಾವೇ ತೆಗೆಯುತ್ತೇವೆ ಅಂತ ನೀವಾಗಿಯೇ ಹೇಳಿ.

ಕರಿಬೇವು (ಅಗ್ರಹಾರ, ಮೈಸೂರು)

ನಮ್ಮ ಮನೆಯಲ್ಲಿ ಡ್ಯಾಶ್ ಇದೆ, ಇದು ಎರಡನೆಯದು. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಹೋಗಿದ್ದು ಆ ಮೆಟ್ಟಿಲಿನ ಮೇಲೆ. ದಯವಿಟ್ಟು ಮೂರು ಮಹಡಿ ಹತ್ತಿಸಿ ಇಳಿಸಬೇಡಿ.

ಈ ತಳಿಯ ಗಿಡ್ಡ ಕಾಲಿಗೆ ಕಾರಣ ಆದದ್ದೇ ಬೆನ್ನಿಗೂ ತೊಂದರೆ ತಂದಿದೆ. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗೆ ಇರುವ ಡಿಸ್ಕ್ ಇವಕ್ಕೆ ಚಿಕ್ಕ ವಯಸ್ಸಿನಲ್ಲೇ ಒಣಗಿ ಗಟ್ಟಿಯಾಗಲು ಶುರುವಾಗುತ್ತೆ. ಆಮೇಲೆ ಒಂದು ದಿನ ಸೋಫಾದಿಂದ ಹಾರಿದಾಗಲೋ, ಸುಮ್ನೆ ತಿರುಗಿದಾಗಲೋ ಡಿಸ್ಕ್ ಜರುಗಿ ನರದ ಹುರಿಯನ್ನು ಒತ್ತುತ್ತೆ. ಡ್ಯಾಶ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದಕ್ಕೆ ಆಯಸ್ಸಿನಲ್ಲಿ ಒಮ್ಮೆಯಾದರೂ ಇದು ಬರುತ್ತೆ ಅಂತಾರೆ, ಜಾಸ್ತಿ ಮೂರರಿಂದ ಏಳು ವರ್ಷದ ನಡುವೆ. ಮಿಕ್ಸ್ ಆದರೂ ಕಾಲು ಗಿಡ್ಡ ಇದ್ದರೆ ಎಚ್ಚರ ಬೇಕು.

ನಮ್ಮ ಮೊದಲನೇ ನಾಯಿಗೆ ಬಂದಿತ್ತು. ಬೆಳಗ್ಗೆ ತಟ್ಟೆ ಹತ್ತಿರ ಬರಲಿಲ್ಲ. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ನಿಂತು ನಡುಗುತ್ತಿತ್ತು, ಎತ್ತಲು ಹೋದರೆ ಕಿರುಚಿತು. ಸಂಜೆಗೆ ಹಿಂದಿನ ಕಾಲು ನೆಲಕ್ಕೆ ಉಜ್ಜುತ್ತಿತ್ತು, ಪಾದ ಮಗುಚಿ ಉಗುರು ನೆಲಕ್ಕೆ ತಾಗಿ ಟಕ್ ಟಕ್ ಸದ್ದು. ಆ ಸದ್ದು ಕೇಳಿದರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬಾರದು, ನಾಯಿಗೆ ವಿಷ ಆಗಬಹುದು. ನಮ್ಮದು ಔಷಧಿ ಮತ್ತು ಕಟ್ಟುನಿಟ್ಟಿನ ವಿಶ್ರಾಂತಿಯಲ್ಲಿ ಸುಧಾರಿಸಿತು, ಎಲ್ಲಕ್ಕೂ ಹಾಗಾಗಲ್ಲ, ಕೆಲವಕ್ಕೆ ಬೆನ್ನಿನ ಆಪರೇಷನ್ ಬೇಕಾಗುತ್ತೆ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಮುಂಚೆಯೇ ಗೊತ್ತಿದ್ದರೆ ಮನೆ ಅದಕ್ಕೆ ತಕ್ಕ ಹಾಗೆ ಮಾಡಿಕೊಳ್ಳಬಹುದು. ಲಿಫ್ಟ್ ಇಲ್ಲವೇ ಎತ್ತಿಕೊಂಡು ಓಡಾಟ. ಸೋಫಾ ಮುಂದೆ ಗಟ್ಟಿ ದಿಂಬು ಅಥವಾ ಇಳಿಜಾರು ಹಲಗೆ. ಗ್ರಾನೈಟ್ ನೆಲ ಜಾರುತ್ತೆ, ಅದು ಓಡಾಡುವ ಕಡೆ ಚಾಪೆ ಹಾಸಿ. ಕತ್ತಿನ ಬೆಲ್ಟ್‌ಗೆ ಹಗ್ಗ ಹಾಕಿ ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಎತ್ತುವುದನ್ನು ಮಗಳಿಗೆ ನೀವೇ ತೋರಿಸಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮವಾಗಿ ಇರಬೇಕು. ಮಕ್ಕಳು ಮುಂದಿನ ಕಂಕುಳಲ್ಲಿ ಕೈ ಹಾಕಿ ಎತ್ತಿಬಿಡುತ್ತಾರೆ, ಹಿಂದಿನ ಭಾಗ ಜೋತಾಡುತ್ತೆ, ಬೆನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಏಳು ವರ್ಷದವಳು ಆದ್ದರಿಂದ ಸದ್ಯಕ್ಕೆ ಎತ್ತುವುದೇ ಬೇಡ, ನೆಲದಲ್ಲಿ ಕೂತು ಆಡಲಿ ಅನ್ನುವುದು ಇನ್ನೂ ಒಳ್ಳೆಯದು.

ಊಟ. ಬೆನ್ನು ಉಳಿಯಬೇಕಾದರೆ ತೂಕ ಹಿಡಿತದಲ್ಲಿ ಇರಬೇಕು. ಪಕ್ಕೆಯ ಮೇಲೆ ಕೈ ಆಡಿಸಿದರೆ ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೊಸರನ್ನ, ಹಾಲನ್ನ ಹಾಕಿಯೇ ನಮ್ಮ ಕಡೆ ಎಷ್ಟೋ ನಾಯಿಗಳು ಬೆಳೆದಿವೆ ನಿಜ, ಆದರೆ ಅದರಲ್ಲಿ ಪ್ರೋಟೀನ್ ಸಾಲದು, ಬೊಜ್ಜು ಮಾತ್ರ ಬರುತ್ತೆ. ನಿಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸದಿದ್ದರೂ ಪರವಾಗಿಲ್ಲ, ನಾಯಿಗೆ ಬೇಕಾದ್ದೆಲ್ಲ ಸೇರಿಸಿ ಮಾಡಿದ ಒಣ ಆಹಾರದ ಪ್ಯಾಕೆಟ್ ಸಿಗುತ್ತೆ. ಅದನ್ನೇ ಮುಖ್ಯ ಊಟ ಮಾಡಿ, ಅಳತೆ ಮಾಡಿ ಎರಡು ಹೊತ್ತು ಹಾಕಿ. ಮೇಲೆ ಸ್ವಲ್ಪ ಮೊಸರು, ಪನೀರ್, ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ ಕೊಡಬಹುದು. ಆ ಪ್ಯಾಕೆಟ್‌ನಲ್ಲಿ ಮಾಂಸದ ಅಂಶ ಇರುತ್ತೆ, ಅದನ್ನು ಅತ್ತೆಗೆ ಮೊದಲೇ ಹೇಳಿಬಿಡಿ. ಬಾಲ್ಕನಿಯಲ್ಲಿ ಅದಕ್ಕೆ ಅಂತಲೇ ಡಬ್ಬ, ತಟ್ಟೆ ಬೇರೆ ಇಡಿ.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಹುಳಿ, ಸಾರು ಕೊಡಬಾರದು, ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಹಾಳು ಮಾಡುತ್ತೆ. ಪಾಯಸ, ಕೇಸರಿಬಾತ್ ಎಲ್ಲದರಲ್ಲೂ ಒಣದ್ರಾಕ್ಷಿ ಇರುತ್ತೆ ಅಲ್ವಾ, ಹಬ್ಬದ ದಿನ ಬಂದವರೆಲ್ಲ ಪ್ರೀತಿಯಿಂದ ಒಂದು ಚಮಚ ಹಾಕಿಬಿಡುತ್ತಾರೆ. ಆರು ಕಿಲೋ ನಾಯಿಗೆ ಸ್ವಲ್ಪವೇ ಜಾಸ್ತಿ ಆಗಿಬಿಡುತ್ತೆ. ಚಾಕೊಲೇಟ್ ಅಂತೂ ಬೇಡವೇ ಬೇಡ.

ಇನ್ನು ಸ್ವಭಾವ. ಬಿಲದೊಳಗೆ ನುಗ್ಗಿ ಬೇಟೆ ಆಡಲು ಬೆಳೆಸಿದ ತಳಿ ಇದು. ಅಗೆಯುತ್ತೆ, ಬೊಗಳುತ್ತೆ, ಮೈಗಿಂತ ದೊಡ್ಡ ದನಿ. ಹಟ ಇದೆ. ಮಳೆ ಬಂದರೆ ಹೊರಗೆ ಕಾಲಿಡಲ್ಲ, ಉಚ್ಚೆ ಕಲಿಸುವುದು ನಿಧಾನ. ಪ್ರೀತಿ ಮಾತ್ರ ವಿಪರೀತ, ಹೊದಿಕೆಯೊಳಗೆ ನುಸುಳಿ ಕಾಲ ಹತ್ತಿರ ಬಂದು ಮಲಗುತ್ತೆ.

ಸಕ್ಕರೆನಾಡು (ಮಂಡ್ಯ)

ಕರಿಬೇವು ಅವರು ಹೇಳಿದ್ದರಲ್ಲಿ ಒಂದು ಸೇರಿಸುತ್ತೇನೆ. ಅತ್ತೆಯವರಿಗೆ ಮಂಡಿ ನೋವು ಅಂದಿರಿ. ನಾಯಿ ಕಚ್ಚುವುದಕ್ಕಿಂತ ಅದು ಕಾಲಿಗೆ ಸಿಕ್ಕಿ ಅವರು ಬೀಳುವುದೇ ದೊಡ್ಡ ಅಪಾಯ. ಗಿಡ್ಡ ನಾಯಿ, ಕಪ್ಪು ಬಣ್ಣ, ಸಂಜೆ ಬೆಳಕಿನಲ್ಲಿ ಕಾಣುವುದೇ ಇಲ್ಲ. ನಮ್ಮ ದೊಡ್ಡಮ್ಮನ ಮನೆಯಲ್ಲಿ ನಾಯಿಯ ಬೆಲ್ಟ್‌ಗೆ ಎರಡು ಗೆಜ್ಜೆ ಹೊಲಿದಿದ್ದಾರೆ. ಘಲ್ ಅಂದರೆ ಹಿಂದೆ ಇದೆ ಅಂತ ಅವರಿಗೆ ಗೊತ್ತಾಗುತ್ತೆ. ಖರ್ಚಿಲ್ಲ, ಕೆಲಸ ಆಗುತ್ತೆ.

ಆಮೇಲೆ ಆನ್‌ಲೈನ್‌ನಲ್ಲಿ "ಉಚಿತ ದತ್ತು" ಅಂತ ಪಾಮ್, ಶಿಟ್ಜು ಥರದ ಜಾತಿ ನಾಯಿಗಳ ಫೋಟೊ ಹಾಕಿ, ಸಾಗಣೆಗೆ ಮಾತ್ರ ದುಡ್ಡು ಕಳಿಸಿ ಅನ್ನುವವರಿದ್ದಾರೆ. ಯಜಮಾನರು ಅಂಥದ್ದೇನಾದರೂ ತೋರಿಸಿದರೆ ಒಂದು ಪೈಸೆ ಹಾಕಬೇಡಿ. ನಾಯಿಯನ್ನು ಕಣ್ಣಲ್ಲಿ ನೋಡದೆ ದುಡ್ಡಿನ ಮಾತೇ ಇರಬಾರದು.

ನಾನು ನಾಡುನಾಯಿ ಪರ, ಅದರಲ್ಲಿ ಬದಲಿಲ್ಲ. ಆದರೆ ಇದನ್ನೂ ಯಾರೋ ರಸ್ತೆಗೆ ಬಿಟ್ಟುಹೋದದ್ದು ತಾನೇ. ನಿಮ್ಮ ಮನೆಗೆ ಬಂದರೆ ನನಗೂ ಖುಷಿಯೇ.

ಗೊಂಬೆಮನೆ (ಕುವೆಂಪುನಗರ, ಮೈಸೂರು)

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಯಜಮಾನರಿಗೆ ಎಲ್ಲ ಓದಿ ಹೇಳಿದೆ. ಆ ಹತ್ತು ರೂಪಾಯಿ ದಂಡದ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಫಾರಂ ತಾವೇ ತುಂಬಿದರು. ನಿನ್ನೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಅವರು ಮರಿ ಹಾಕಿಸುವ ಮಾತು ಬಿಟ್ಟಿದ್ದಾರೆ. ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿ ಇರುತ್ತವಲ್ಲ, ಮನೆಯಲ್ಲಿ ಒಂದಿದ್ದರೆ ಏನಾಯಿತು, ದೇವರಮನೆ ಹೊಸ್ತಿಲು ದಾಟದಿದ್ದರೆ ಸಾಕು ಅಂದರು. ಸಂಘದ ಕಾರ್ಯದರ್ಶಿ ಹತ್ತಿರವೂ ಮಾತಾಡಿದ್ದೇವೆ, ಮಾರ್ಗಸೂಚಿ ಪ್ರತಿ ಕೊಡಿ, ಮೀಟಿಂಗ್‌ನಲ್ಲಿ ಇಡುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಎತ್ತಿಕೊಂಡೇ ಇಳಿಸುತ್ತೇವೆ.

ಈಗ ಎರಡು ಪ್ರಶ್ನೆ. ಒಂಟಿಯಾಗಿ ಬಿಟ್ಟು ಹೊರಗೆ ಹೋದರೆ ಬಾಗಿಲು ಕೆರೆದು ಅಳುತ್ತೆ ಅಂತ ಅದನ್ನು ಇಟ್ಟುಕೊಂಡಿರುವವರು ಹೇಳಿದರು, ಅದಕ್ಕೆ ಏನು ಮಾಡುವುದು? ಇನ್ನೊಂದು, ನಮ್ಮ ಮನೆಯಲ್ಲಿ ದಸರಾಕ್ಕೆ ಗೊಂಬೆ ಕೂರಿಸುತ್ತೇವೆ, ಅಜ್ಜಿ ಕಾಲದ ಮರದ ಪಟ್ಟದ ಗೊಂಬೆ ಇದೆ. ಅದಾದ ಮೇಲೆ ದೀಪಾವಳಿ ಪಟಾಕಿ. ಹಬ್ಬ ಮುಗಿದ ಮೇಲೆ ತರುವುದು ಒಳ್ಳೆಯದಾ?

ಬೆಟ್ಟದತಪ್ಪಲು (ಮೈಸೂರು)

ತಂಡದವರು ಕಾಯುತ್ತಾರೆ ಅಂದರೆ ದೀಪಾವಳಿ ಮುಗಿಸಿಯೇ ತನ್ನಿ. ಹೊಸ ಮನೆ, ಹೊಸ ಜನ, ಮೇಲೆ ಪಟಾಕಿ, ಅಷ್ಟೂ ಒಟ್ಟಿಗೆ ಬೇಡ. ಈಗಿರುವ ಮನೆ ಅದಕ್ಕೆ ಅಭ್ಯಾಸ ಆಗಿದೆ. ಅಷ್ಟರಲ್ಲಿ ಆಪರೇಷನ್ ಆಗಿ ಹೊಲಿಗೆಯೂ ಮಾಗಿರುತ್ತೆ. ನಡುವೆ ಹೋಗಿ ನೋಡಿಕೊಂಡು ಬನ್ನಿ. ಮಗಳು ಹಾಕಿದ ಹಳೇ ಬಟ್ಟೆ ಒಂದು ಕೊಟ್ಟು ಬನ್ನಿ, ಅದರ ಹಾಸಿಗೆಯಲ್ಲಿ ಇಡಲಿ, ವಾಸನೆ ಗುರುತಾಗುತ್ತೆ.

ಅಳುವುದು ಹಟ ಅಲ್ಲ, ಭಯ. ಒಂದು ಸಲ ಬಿಟ್ಟುಹೋದವರು ವಾಪಸ್ ಬರಲಿಲ್ಲ, ಅದಕ್ಕೆ ಗೊತ್ತಿರುವುದು ಅಷ್ಟೇ. ಮೊದಲ ದಿನದಿಂದಲೇ ಚಿಕ್ಕದಾಗಿ ಶುರು ಮಾಡಿ. ಕೀ ತಗೊಂಡು ಬಾಗಿಲ ತನಕ ಹೋಗಿ ವಾಪಸ್ ಬನ್ನಿ. ಆಮೇಲೆ ಬಾಗಿಲಾಚೆ ಅರ್ಧ ನಿಮಿಷ. ಅಳಲು ಶುರು ಮಾಡುವ ಮೊದಲೇ ಒಳಗೆ ಬರಬೇಕು, ನಿಧಾನವಾಗಿ ಹೊತ್ತು ಜಾಸ್ತಿ ಮಾಡಬೇಕು. ಹೋಗುವಾಗ ದೊಡ್ಡದಾಗಿ ಟಾಟಾ ಹೇಳುವುದು, ಬಂದ ತಕ್ಷಣ ಅಪ್ಪಿಕೊಳ್ಳುವುದು ಎರಡೂ ಬೇಡ. ಮಾಡಿದ್ದಕ್ಕೆ ಹೊಡೆಯುವುದು, ಬಯ್ಯುವುದು ಮಾಡಿದರೆ ಭಯ ಇನ್ನೂ ಏರುತ್ತೆ. ನಿಮ್ಮ ಪುಣ್ಯ, ಅತ್ತೆ ಮನೆಯಲ್ಲಿರುತ್ತಾರೆ, ಪೂರ್ತಿ ಒಂಟಿಯಾಗಿ ಬಿಡುವ ಸಂದರ್ಭ ಕಮ್ಮಿ.

ಮೊದಲ ಕೆಲವು ದಿನ ಊಟ ಬಿಡಬಹುದು, ಮಂಚದ ಕೆಳಗೆ ಸೇರಿಕೊಳ್ಳಬಹುದು. ಎಳೆಯಬೇಡಿ. ನೆಂಟರು, ಅಕ್ಕಪಕ್ಕದ ಮಕ್ಕಳು ನೋಡಲು ಬರುತ್ತೇವೆ ಅಂದರೆ ಇನ್ನೆರಡು ವಾರ ಬಿಟ್ಟು ಬನ್ನಿ ಅನ್ನಿ. ಪೂರ್ತಿ ಒಗ್ಗಿಕೊಳ್ಳಲು ಮೂರು ತಿಂಗಳು ಬೇಕಾಗಬಹುದು.

ಕರಿಬೇವು (ಅಗ್ರಹಾರ, ಮೈಸೂರು)

ಹೌದು, ಹಬ್ಬ ಮುಗಿಯಲಿ. ನಾವು ಅರಮನೆಗೆ ಹತ್ತಿರ ಇರುವವರು. ಆನೆ, ಕುದುರೆಗಳಿಗೆ ಅಭ್ಯಾಸ ಆಗಲಿ ಅಂತ ದಸರಾಕ್ಕೆ ಮುಂಚೆ ಫಿರಂಗಿ ಹಾರಿಸಿ ಕುಶಾಲತೋಪಿನ ತಾಲೀಮು ಮಾಡುತ್ತಾರಲ್ಲ, ಆ ದಿನ ನಮ್ಮ ನಾಯಿ ಬಚ್ಚಲುಮನೆಯಿಂದ ಹೊರಗೇ ಬರಲ್ಲ. ಕಿಟಕಿ ಮುಚ್ಚಿ, ಟಿವಿ ಹಾಕಿ, ನಾನು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಮುಂದಿನ ದಸರಾ ಹೊತ್ತಿಗೆ ನಿಮ್ಮ ಗೊಂಬೆಗಳನ್ನು ಬಾಗಿಲು ಹಾಕುವ ರೂಮಿನಲ್ಲಿ ಕೂರಿಸಿ, ಎಳೆ ವಯಸ್ಸಿನ ನಾಯಿಗೆ ಮರ ಅಂದರೆ ಕಡಿಯುವ ಆಸೆ ಇರುತ್ತೆ. ಪಟ್ಟದ ಗೊಂಬೆಯ ಬಣ್ಣ, ರೇಷ್ಮೆ ದಾರ, ಮಣಿ ಹೊಟ್ಟೆಗೆ ಹೋದರೆ ಅದಕ್ಕೂ ಒಳ್ಳೆಯದಲ್ಲ.

ನಾಯಿ ಮೈಗೆ ಹತ್ತಿ ರಕ್ತ ಹೀರುವ ಹುಳ ಉಣ್ಣೆ (ಉಣುಗು) ಬಗ್ಗೆ ಯಾರೂ ಹೇಳಲಿಲ್ಲ. ಮೈಸೂರಿನಲ್ಲಿ ಅದು ಕಚ್ಚಿ ನಾಯಿಗೆ ಬರುವ ಉಣ್ಣೆ ಜ್ವರ ಸಾಮಾನ್ಯ. ಡ್ಯಾಶ್‌ನ ಹೊಟ್ಟೆ ನೆಲಕ್ಕೆ ಹತ್ತಿರ, ಪಾರ್ಕಿನ ಹುಲ್ಲಲ್ಲಿ ಓಡಾಡಿದರೆ ಬೇಗ ಹತ್ತುತ್ತೆ. ವಾಕಿಂಗ್ ಮುಗಿಸಿ ಬಂದ ಮೇಲೆ ಕಿವಿಯ ಮಡಿಕೆ ಒಳಗೆ, ಕಾಲ್ಬೆರಳ ಸಂದಿ, ಬಾಲದ ಬುಡ ಬೆರಳಾಡಿಸಿ ನೋಡಿ, ಎಳ್ಳಿನಷ್ಟು ಸಣ್ಣದೂ ಇರುತ್ತೆ. ಉಣ್ಣೆ ನಾಯಿಯಿಂದ ಇಳಿದು ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ, ಹಾಗಾಗಿ ನಾಯಿ ಒಂದಕ್ಕೇ ಔಷಧಿ ಹಾಕಿದರೆ ಮುಗಿಯಲ್ಲ. ತೂಕಕ್ಕೆ ತಕ್ಕ ಔಷಧಿ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ. ಊಟ ಬಿಟ್ಟು ಸಪ್ಪಗಾದರೆ, ವಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಕರೆದುಕೊಂಡು ಬರುವ ದಿನ ಬೈಕ್ ಬೇಡ, ಕಾರ್ ಅಥವಾ ಆಟೋ. ಹೊರಡುವ ಮುಂಚೆ ಊಟ ಕಮ್ಮಿ ಹಾಕಲು ಹೇಳಿ, ವಾಂತಿ ಆಗಬಹುದು. ಬೆಲ್ಟ್ ಮತ್ತು ಹಾರ್ನೆಸ್ ಎರಡೂ ಹಾಕಿ, ಹಗ್ಗ ಕೈಗೆ ಸುತ್ತಿಕೊಂಡಿರಿ. ಹೊಸದಾಗಿ ಬಂದ ನಾಯಿ ತಪ್ಪಿಸಿಕೊಳ್ಳುವುದು ಜಾಸ್ತಿ ಮೊದಲ ಕೆಲವು ದಿನದಲ್ಲೇ, ಅದೂ ಕಾರಿನ ಬಾಗಿಲು ತೆಗೆದಾಗ ಅಥವಾ ಹಾಲಿನವರಿಗೆ ಮುಂಬಾಗಿಲು ತೆ‌ಗೆದಾಗ. ಹೆಸರು ಕರೆದರೆ ಬರುವಷ್ಟು ಪರಿಚಯ ಇನ್ನೂ ಆಗಿರಲ್ಲ. ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆಯನ್ನು ಅದು ಮನೆಗೆ ಬರುವ ಮೊದಲೇ ಮಾಡಿಸಿ ಇಟ್ಟುಕೊಳ್ಳಿ.